ಮುಚ್ಚಿಕೊಳ್ಳದ ನಳ

ಗೋಕಾಕದಿಂದ ಬಂದ ಬಸ್ಸು ನನ್ನನ್ನು ಘೋಡಗೇರಿಯಲ್ಲಿ ಇಳಿಸಿ ಮುಂದೆ ಹೋಯಿತು. ಉರಿಬಿಸಿಲು. ಊಟದ ಡಬ್ಬಿಯ ಚೀಲ ಹಿಡಿದುಕೊಂಡು ನಮ್ಮ ಹೊಲದ ಮನೆಯ ದಾರಿಗೆ ತಿರುಗಿದೆ. ಬೇವಿನ ಮರ ದಾಟಿ ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಮುಂಜಾನೆ ಅದೇ ದಾರಿಯಲ್ಲಿ ಹೋಗುವಾಗ ಧೂಳು ಏಳುತ್ತಿತ್ತು. ನೀರು ಎಲ್ಲಿಂದ ಬಂತೆಂದು ಕಣ್ಣಾಡಿಸಿದೆ. ತೆಳ್ಳಗೆ ಹೊಳೆಯುತ್ತ ಅದು ನಮ್ಮ ಸಸಿಮಡಿಯ ಕಡೆಯಿಂದಲೇ ಇಳಿದು ಬರುತ್ತಿತ್ತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಹಸಿರು ನೆರಳುಪರದೆಯೊಳಗೆ ಮೆಣಸಿನಕಾಯಿ ಸಸಿಯ ಟ್ರೇಗಳು ನೀರಿನಲ್ಲಿ ನಿಂತಿದ್ದವು. ಕೆಳಗಿನ ಸಾಲಿನವು ತೇಲುತ್ತಿದ್ದವು. ಏರಿನ ಮೇಲಿದ್ದ ನೀರಿನ ಟಾಕಿಯ ಹತ್ತಿರ ಹೋಗಿ ಕೈಯಿಂದ ಬಡಿದು ನೋಡಿದೆ. ಬರಿದಾದ ಡೋಲಿನ ಹಾಗೆ ಸದ್ದು ಮಾಡಿತು. ಮನೆಗೆ, ದನಕ್ಕೆ, ಸಸಿಗೆ ಎಲ್ಲದಕ್ಕೂ ಇದ್ದದ್ದು ಅದೊಂದೇ ಟಾಕಿ. ಬೋರಿಗೆ ಕರೆಂಟು ಬರುವುದು ಇನ್ನು ಮರುದಿನ ಬೆಳಿಗ್ಗೆ. ಟಾಕಿಯ ಬುಡದ ನಳಕ್ಕೆ ತಿರುಗಿಸಿ ಕೂರಿಸಿದ್ದ ಟೈಮರ್ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಸಣ್ಣ ಕೆಂಪು ದೀಪ ಮಿಣುಕಿಸುತ್ತಿತ್ತು.

ಇದು ಎರಡು ಸಾವಿರದ ಇಸವಿ ದಾಟಿದ ಹೊಸದರ ಮಾತು. ಹುಕ್ಕೇರಿಯ ತವರಿನಿಂದ ಘೋಡಗೇರಿಗೆ ಸೊಸೆಯಾಗಿ ಬಂದ ನನಗೆ ಆಗ ಹೊಲದ ಕೆಲಸ ಹೊಸದು. ಮನೆಯಲ್ಲಿ ನಾವು ಮೂವರೇ: ನನ್ನ ಗಂಡ, ಅತ್ತೆ, ನಾನು. ಗಂಡನಿಗೆ ಕಬ್ಬು, ಗೋವಿನಜೋಳ ಬಿಟ್ಟು ಬೇರೆ ಏನಾದರೂ ಮಾಡಬೇಕೆಂಬ ಹಟ. ಬೋರಿನ ಕೆಳಗಿನ ಇಳಿಜಾರಿನಲ್ಲಿ ನೆರಳುಪರದೆ ಕಟ್ಟಿಸಿ, ರೈತರಿಗೆ ಕೊಡಲು ಮೆಣಸಿನಕಾಯಿ, ಬದನೆ ಸಸಿ ಬೆಳೆಸಲು ಶುರುಮಾಡಿದರು. ಪುಣೆಯ ಕಡೆ ಹೋದಾಗ ಒಂದು ಅಂಗಡಿಯಲ್ಲಿ ಈ ಟೈಮರ್ ಕಂಡು, ಹೆಂಡತಿಗೆ ಸೀರೆ ತರಬೇಕಾದವರು ಅದನ್ನು ತಂದರು.

ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಮುಂದೆ ಎರಡು ತಿರುಗಣೆ. ಒಂದು, ಎಷ್ಟು ಹೊತ್ತಿಗೊಮ್ಮೆ ನೀರು ಬಿಡಬೇಕು ಎನ್ನುವುದಕ್ಕೆ. ಇನ್ನೊಂದು, ಎಷ್ಟು ಹೊತ್ತು ಬಿಡಬೇಕು ಎನ್ನುವುದಕ್ಕೆ. ಹಿಂದೆ ಎರಡು ಸೆಲ್ಲು. ಹೊತ್ತಾದಾಗ ಒಳಗೆ ‘ಟಕ್’ ಎನ್ನುತ್ತದೆ, ನೀರು ಹೋಗುತ್ತದೆ. ಮತ್ತೆ ‘ಟಕ್’ ಎನ್ನುತ್ತದೆ, ನಿಲ್ಲುತ್ತದೆ. ಚಳಿಗಾಲವೆಲ್ಲ ಅದು ಹೇಳಿದ ಹಾಗೆ ಕೇಳಿತು. ಅತ್ತೆ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅವರು ಕುಡಿಯುವ ನೀರನ್ನಷ್ಟೇ ಅಲ್ಲ, ಕೈಕಾಲು ತೊಳೆಯುವ ನೀರನ್ನೂ ಬಟ್ಟೆಯಲ್ಲಿ ಸೋಸದೆ ಮುಟ್ಟುವವರಲ್ಲ. “ಕಣ್ಣಿಲ್ಲದ್ದು ನೀರ ಬಿಡತೈತಿ ಅಂದ್ರ ನನಗ ಧೈರ್ಯ ಆಗೂದಿಲ್ಲ,” ಎನ್ನುತ್ತಿದ್ದರು.

ಬೇಸಿಗೆಯ ಆರಂಭದಲ್ಲಿ ನನ್ನ ಗಂಡ ಮಸಗುಪ್ಪಿಯಿಂದ ಬರುವಾಗ ಉಸುಕಿನ ಮೇಲೆ ಗಾಡಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಗೋಕಾಕದ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮಸಗುಪ್ಪಿಗೆ ಅವರು ಹೋಗಿದ್ದೇ ಸಸಿಯ ಮಾತಿಗೆ. ಅಲ್ಲಿಯ ಒಬ್ಬ ರೈತ ಹೆಣ್ಣುಮಗಳು ನಮ್ಮ ಮೆಣಸಿನ ಸಸಿಯನ್ನಷ್ಟೂ ತಾವೇ ಒಯ್ಯುವುದಾಗಿ ಒಪ್ಪಿ, ಹೊಲ ಹದ ಮಾಡಿಸಿ ಕಾಯುತ್ತಿದ್ದರು. ಅತ್ತೆ ಆಸ್ಪತ್ರೆಯಲ್ಲೇ ಮಗನ ಹತ್ತಿರ ಉಳಿದರು. ನಾನು ಬೆಳಿಗ್ಗೆ ಅಡುಗೆ ಮಾಡಿ, ಟಾಕಿ ತುಂಬಿಸಿ, ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ, ಮಧ್ಯಾಹ್ನ ಮೀರಿ ತಿರುಗಿ ಬರುತ್ತಿದ್ದೆ. ಟ್ರೇಯ ಒಂದೊಂದು ಗುಂಡಿಯಲ್ಲಿ ಹಿಡಿಯುವುದು ಹಿಡಿಯಷ್ಟೂ ಇಲ್ಲದ ತೆಂಗಿನ ನಾರಿನ ಪುಡಿ. ಒಂದು ಮಧ್ಯಾಹ್ನ ನೀರು ತಪ್ಪಿದರೆ ಸಸಿ ತಲೆ ಬಾಗಿಸಿಬಿಡುತ್ತದೆ. ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ. ಹಾಗಾಗಿ ಎಲ್ಲವೂ ಆ ಡಬ್ಬಿಯ ಮೇಲೆ ನಿಂತಿತ್ತು.

ಆ ದಿನ ಹೊತ್ತು ಮುಳುಗುವವರೆಗೆ ಪಕ್ಕದ ಹೊಲದ ಬಾವಿಯಿಂದ ಕೊಡ ಹೊತ್ತು ದನಕ್ಕೆ ನೀರು ಹಾಕಿದೆ. ಟ್ರೇಗಳನ್ನು ಒಂದೊಂದಾಗಿ ಎತ್ತಿ ಓರೆಯಾಗಿ ನಿಲ್ಲಿಸಿ ನೀರು ಬಸಿದೆ. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ; ಹಾಗಾಗಿ ಆ ಸಂಜೆ ಊಟವಿಲ್ಲ.

ಮರುದಿನ ಗಂಡನಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಸೆಲ್ಲು ಇಳದಿರ್ತಾವ. ತೆರೀಲಿಕ್ಕೆ ಕಸುವು ಇರತೈತಿ, ಮುಚ್ಚಲಿಕ್ಕೆ ಸಾಲೂದಿಲ್ಲ. ಹೊಸಾವ ಹಾಕು.”

“ದೀಪಾ ಹತ್ತತೈತ್ರಿ.”

“ದೀಪಾ ಹತ್ತಾಕ ಎಷ್ಟ ಬೇಕ? ನಾ ಹೇಳಿದಷ್ಟ ಮಾಡು.”

ಗೋಕಾಕದ ಪೇಟೆಯಲ್ಲಿ ಒಳ್ಳೆಯ ಸೆಲ್ಲುಗಳನ್ನೇ ಕೊಂಡೆ. ಹಳೆಯವನ್ನು ತೆಗೆದಾಗ ಒಂದರ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಗಂಡ ಹೇಳಿದ್ದೇ ಖರೆ ಎನ್ನಿಸಿ ಎದೆ ಹಗುರಾಯಿತು. ಲಿಂಬೆಹಣ್ಣಿನ ಹೋಳಿನಿಂದ ತಗಡಿನ ನಾಲಗೆಗಳನ್ನು ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಹೊಸ ಸೆಲ್ಲು ಹಾಕಿದೆ. ಬೆಳಿಗ್ಗೆ ತುಂಬಿದ ಟಾಕಿಯ ಮುಂದೆ ನಿಂತು ನೋಡಿದೆ. ಟಕ್, ತೆರೆಯಿತು. ಟಕ್, ಮುಚ್ಚಿತು. ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಮಧ್ಯಾಹ್ನ ಬಂದಾಗ ದಾರಿಯಲ್ಲಿ ಮತ್ತೆ ಅದೇ ಕೆಸರು.

ಪಕ್ಕದ ಹೊಲದ ಕಾಕಾನನ್ನು ಬೇಡಿಕೊಂಡೆ, ಮಧ್ಯಾಹ್ನ ಬಂದು ನೀರು ನಿಂತಿದೆಯೇ ನೋಡಿ, ನಿಲ್ಲದಿದ್ದರೆ ನಳ ತಿರುಗಿಸಿ ಎಂದು. ಅವರು ಒಂದೆರಡು ದಿನ ಮಾಡಿದರು. ಆಮೇಲೆ ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಮೂಡಲಗಿಗೆ ಹೋಗಬೇಕಾಯಿತು. ಮಧ್ಯಾಹ್ನದ ನೀರನ್ನು ಬಂದ್ ಮಾಡಿ ಹೋದರೆ ಸಸಿ ಒಣಗುತ್ತದೆ, ಬಿಟ್ಟು ಹೋದರೆ ಮುಳುಗುತ್ತದೆ. ಆಸ್ಪತ್ರೆಯಲ್ಲಿ ಗಂಡನ ಕಾಲಿನ ಬಾವು ಇಳಿಯದೆ ಡಾಕ್ಟರು ಮುಖ ಗಂಟು ಹಾಕುತ್ತಿದ್ದರು. ನನಗೆ ಬಸ್ಸಿನ ಕಿಟಕಿಯ ಹೊರಗೆ ಏನೂ ಕಾಣುತ್ತಿರಲಿಲ್ಲ. ಹೋಗುವಾಗ ಅವರ ಕಾಲಿನ ಚಿಂತೆ, ಬರುವಾಗ ನಳದ ಚಿಂತೆ.

ಚತುರ್ದಶಿಗೆ ಬಸದಿಗೆ ಹೋಗಿ ಬರಲೆಂದು ಅತ್ತೆ ಒಂದು ದಿನದ ಮಟ್ಟಿಗೆ ಮನೆಗೆ ಬಂದರು. ಅವರಿಗೆ ಉಪವಾಸ. ಆಸ್ಪತ್ರೆಯಲ್ಲಿ ಅವತ್ತು ನನ್ನ ತಮ್ಮ ಹುಕ್ಕೇರಿಯಿಂದ ಬಂದು ಕೂತಿದ್ದ. ಸಿಕ್ಕ ಆ ಬಿಡುವಿನಲ್ಲಿ ನಾನು ಟೈಮರನ್ನು ಪೂರಾ ಬಿಚ್ಚಲು ನಿರ್ಧರಿಸಿದೆ. ಟಾಕಿಯ ಪಕ್ಕದ ನೆಲದ ಮೇಲೆ ಗೋಣಿ ಹಾಸಿ ಕೂತೆ. ಅತ್ತೆ ದೂರದಲ್ಲಿ ಕಟ್ಟೆಯ ಮೇಲೆ ಕೂತು ಜಪಮಣಿ ಹಿಡಿದಿದ್ದರೂ ಕಣ್ಣು ನನ್ನ ಮೇಲೆ.

“ಬಿಚ್ಚಿದರ ಕೂಡಸಾಕ ಬರತೈತೇನ ನಿನಗ?”

“ನೋಡೂಣ್ರಿ ಅತ್ಯಾರ.”

“ಅವ ಬಂದ ಕೇಳಿದರ?”

ನಾನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ನೀರು ಒಳಬರುವ ಬಾಯಿಯಲ್ಲಿ ಸಣ್ಣ ಜಾಳಿಗೆ ಇತ್ತು. ಅದರ ತುಂಬ ಬೋರಿನ ಉಸುಕು, ಪಾಚಿಯ ಎಳೆ. ತೊಳೆದೆ. ಸ್ಕ್ರೂ ತೆಗೆದು ಮೇಲಿನ ಭಾಗ ಎತ್ತಿದೆ. ಒಳಗೆ ರೂಪಾಯಿಗಿಂತ ದೊಡ್ಡದಾದ ಕಪ್ಪು ರಬ್ಬರಿನ ಬಿಲ್ಲೆ. ನೀರಿನ ದಾರಿಯನ್ನು ಮುಚ್ಚುವುದು ಅದೇ ಎಂದು ನೋಡಿದರೆ ತಿಳಿಯುತ್ತಿತ್ತು. ಅದರ ಅಂಚಿಗೆ ಒಂದೆರಡು ಉಸುಕಿನ ಕಣ ಅಂಟಿದ್ದವು. ಇದೇ ಇರಬೇಕು ಕಾರಣ ಎಂದುಕೊಂಡು ಬಿಲ್ಲೆಯನ್ನು ಎತ್ತಿದ್ದೇ ತಡ, ಅದಕ್ಕೆ ಒತ್ತಿಕೊಂಡಿದ್ದ ಏನೋ ಟಣ್ಣನೆ ಹಾರಿತು. ಮಿಂಚಿದ್ದು ಕಂಡಿತು, ಬಿದ್ದದ್ದು ಕಾಣಲಿಲ್ಲ.

ಸ್ಪ್ರಿಂಗು. ಕೂದಲೆಳೆಯಷ್ಟು ತೆಳುವಾದ ತಂತಿಯದು. ಗೋಣಿಯ ಮೇಲೆ ಇಲ್ಲ, ಸೀರೆಯ ನೆರಿಗೆಯಲ್ಲಿ ಇಲ್ಲ. ಸುತ್ತ ಕೆದರಿದ ಸಡಿಲ ಮಣ್ಣು. ಅದಿಲ್ಲದೆ ಡಬ್ಬಿ ಬರೀ ಪ್ಲಾಸ್ಟಿಕ್ಕು. ಅಂಥದ್ದು ಗೋಕಾಕದಲ್ಲಿ ಸಿಗುವುದಿಲ್ಲ, ಹುಕ್ಕೇರಿಯಲ್ಲಿ ಸಿಗುವುದಿಲ್ಲ. ಪುಣೆಗೆ ಯಾರು ಹೋಗಬೇಕು?

“ಅಲ್ಲೇ ಕೂಡು. ಅಳ್ಳಾಡಬ್ಯಾಡ!” ಅತ್ತೆ ಕಟ್ಟೆಯಿಂದಲೇ ಕೂಗಿದರು. ಜಪಮಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೊಳಗೆ ಹೋಗಿ ಹಿಟ್ಟಿನ ಸಾಣಿಗೆ ತಂದರು. ನನ್ನ ಮುಂದಿನ ಮಣ್ಣನ್ನು ಹಿಡಿಹಿಡಿಯಾಗಿ ತೆಗೆದು ಸಾಣಿಗೆಗೆ ಹಾಕಿ, ತಮ್ಮ ಮೊಣಕಾಲಿನ ನೋವನ್ನೂ ಮರೆತು ಜಾಡಿಸತೊಡಗಿದರು. ಇರುವೆಯೊಂದು ಬಂದರೆ ಅದನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಬಿಡುವರು. ಉಪವಾಸದ ಬಾಯಿ, ತಲೆಯ ಮೇಲೆ ಬಿಸಿಲು. ನಾನು ಬೇಡವೆಂದರೂ ಕೇಳಲಿಲ್ಲ.

“ಅಗ ಬಾಯಿ! ಇದ ಏನ ನೋಡು.”

ಸಾಣಿಗೆಯ ಮೂಲೆಯಲ್ಲಿ ಅದು ಬಿದ್ದಿತ್ತು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಸೋಸಿದ ನೀರಿನಲ್ಲಿ ಅದ್ದಿ ತೊಳೆದು ನನ್ನ ಅಂಗೈಗೆ ಹಾಕಿದರು. “ಇಷ್ಟ ಸಣ್ಣದ ನಮ್ಮನ್ನ ಹಿಂಗ ಕುಣಸಾಕತ್ತೈತೇನ?” ಎಂದರು. ಅವರ ಧ್ವನಿಯಲ್ಲಿ ನಗು ಇರಲಿಲ್ಲ.

ಬಿಲ್ಲೆಯನ್ನು ತೊಳೆದು, ಸ್ಪ್ರಿಂಗು ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಮರುದಿನ ಬೆಳಿಗ್ಗೆ ಟಾಕಿ ತುಂಬಿದ ಮೇಲೆ ಪರೀಕ್ಷೆ ಮಾಡಿದೆವು. ಹನಿಯೂ ಸೋರದಂತೆ ಮುಚ್ಚಿತು. ಅತ್ತೆ ಮೊದಲ ಬಾರಿಗೆ ಅದರ ಹತ್ತಿರ ಬಂದು ಬಾಗಿ ನೋಡಿದರು.

ಆ ದಿನ ಮಧ್ಯಾಹ್ನವೂ ಅದು ಮುಚ್ಚಲಿಲ್ಲ.

ಇನ್ನು ನನ್ನಿಂದ ಆಗುವುದಿಲ್ಲ ಎನ್ನಿಸಿತು. ಕೆಳಗಿನ ಸಾಲಿನ ಸಸಿಗಳ ಬುಡ ಕಂದಾಗಿ ಮೆತ್ತಗಾಗಿದ್ದವು. ಮುಟ್ಟಿದರೆ ಕಡ್ಡಿಯ ಹಾಗೆ ಒರಗಿಬಿಡುತ್ತಿದ್ದವು. ಮಸಗುಪ್ಪಿಯವರು ಬರುವ ದಿನ ಹತ್ತಿರವಾಗುತ್ತಿತ್ತು. ಅದೇ ಹೊತ್ತಿಗೆ ಡಾಕ್ಟರು, ತೂಕ ಕಟ್ಟಿದ್ದರಿಂದ ಎಲುಬು ಕೂಡಲಿಲ್ಲ, ಕೊಯ್ದು ಒಳಗೆ ಸಲಾಕೆ ಹಾಕಬೇಕು ಎಂದರು. ನಾಳೆಯೇ.

ಗಂಡನ ಹಾಸಿಗೆಯ ಪಕ್ಕ ನಿಂತು, “ನಾಳೆ ನಸಕಿನ ಬಸ್ಸಿಗೇ ಬರ್ತೀನ್ರಿ,” ಎಂದೆ.

“ಬರಬ್ಯಾಡ.”

“ಅಂದ್ರ?”

“ಒಳಗ ನಿನ್ನ ಬಿಡೂದಿಲ್ಲ. ಹೊರಗ ಕುಂತ ಅಳೂದಷ್ಟ. ಅವ್ವ ಇರ್ತಾಳ, ನಿನ್ನ ತಮ್ಮ ಇರ್ತಾನ. ಅಲ್ಲಿ ಸಸಿ ಸಾಯಾಕತ್ತಾವ.”

“ಸಸಿಕಿಂತ...”

“ನಾ ಮಸಗುಪ್ಪಿಯವರಿಗೆ ಮಾತ ಕೊಟ್ಟೀನಿ. ನೀ ಬಿಚ್ಚಿ ಏನ ಮಾಡಿಯೋ ಯಾರಿಗೆ ಗೊತ್ತ. ಮೊದಲ ಅದನ್ನ ನೆಟ್ಟಗ ಮಾಡು.”

ಆ ಮಾತು ನನಗೆ ಚುಚ್ಚಿತು. ಡಬ್ಬಿಯನ್ನು ನಾನು ಬಿಚ್ಚುವ ಮೊದಲೇ ಅದು ಕೆಟ್ಟಿತ್ತು. ಆದರೆ ಆಪರೇಶನ್ನಿಗೆ ಹೆದರಿದ ಮನುಷ್ಯನ ಜೊತೆ ಜಗಳ ಆಡುವುದೇ? ಅತ್ತೆ ಹಿಂದಿನಿಂದ ನನ್ನ ಸೆರಗು ಎಳೆದು, ಹೋಗು ಎಂದು ಕಣ್ಣಿನಲ್ಲೇ ಹೇಳಿದರು.

ಮರುದಿನ ಬೆಳಗಿನಿಂದ ಟಾಕಿಯ ಬುಡದಲ್ಲೇ ಕೂತೆ. ಆಸ್ಪತ್ರೆಯಿಂದ ಸುದ್ದಿ ಬರಬೇಕಾದದ್ದು ಕಾಕಾನ ಮನೆಯ ಫೋನಿಗೆ. ಅವರ ಸೊಸೆ ಮನೆಯಲ್ಲಿದ್ದಳು. ನನ್ನ ಕಿವಿ ಅವರ ಮನೆಯ ಕಡೆ, ಕಣ್ಣು ಡಬ್ಬಿಯ ಕಡೆ. ಮುಂಜಾನೆಯ ನೀರು ಬಿಟ್ಟಿತು, ಸರಿಯಾಗಿ ಮುಚ್ಚಿತು. ಎಮ್ಮೆಗೆ, ಆಕಳಿಗೆ ನೀರು ತೋಡಿದೆ. ಬಟ್ಟೆ ತೊಳೆದೆ. ಹೊತ್ತು ಏರಿತು. ಒಳಗೆ ಅವರನ್ನು ಕರೆದುಕೊಂಡು ಹೋಗಿರಬಹುದು ಈಗ.

ಮಧ್ಯಾಹ್ನದ ‘ಟಕ್’ ಕೇಳಿಸಿತು. ನೀರು ಹರಿಯಿತು. ನಾನು ಡಬ್ಬಿಯ ಮೇಲೆ ಅಂಗೈ ಇಟ್ಟು ಕಾದೆ. ಹೊತ್ತಾದ ಮೇಲೆ ಇನ್ನೊಂದು ‘ಟಕ್’. ಅಂಗೈಗೆ ಆ ಪೆಟ್ಟು ತಾಗಿತು. ಅಂದರೆ ಸೆಲ್ಲಿಗೆ ಕಸುವಿದೆ, ಒಳಗಿನದ್ದು ತನ್ನ ಕೆಲಸ ಮಾಡಿದೆ. ಆದರೂ ನೀರು ಹೋಗುತ್ತಲೇ ಇತ್ತು. ಬಿಲ್ಲೆ ಬಂದು ಕೂರಬೇಕಾದಲ್ಲಿ ಕೂರುತ್ತಿಲ್ಲ. ಯಾಕೆ? ಬೆಳಿಗ್ಗೆ ಕೂತಿದ್ದು ಈಗ ಯಾಕೆ ಕೂರುವುದಿಲ್ಲ?

ನಳವನ್ನು ಕೈಯಿಂದ ಮುಚ್ಚಿ, ಸಿಟ್ಟಿನಿಂದ ಟಾಕಿಗೆ ಮೇಲೊಂದು, ಕೆಳಗೊಂದು ಗುದ್ದಿದೆ. ಅರ್ಧದ ಮೇಲೆ ಟೊಳ್ಳು ಸದ್ದು, ಅರ್ಧದ ಕೆಳಗೆ ಗಟ್ಟಿ ಸದ್ದು. ಗುದ್ದಿದ ಕೈ ಹಾಗೇ ನಿಂತಿತು.

ಬೆಳಿಗ್ಗೆ ಟಾಕಿ ತುಂಬಿರುತ್ತದೆ. ಮಧ್ಯಾಹ್ನಕ್ಕೆ ದನ, ಮನೆ, ಬಟ್ಟೆ ಎಲ್ಲ ಮುಗಿದು ಅರ್ಧಕ್ಕೆ ಇಳಿದಿರುತ್ತದೆ. ಚಳಿಗಾಲದಲ್ಲಿ ಕರೆಂಟು ಎರಡು ಹೊತ್ತು ಬರುತ್ತಿತ್ತು, ಟಾಕಿ ಎಂದೂ ಇಳಿಯುತ್ತಿರಲಿಲ್ಲ. ಬಿಲ್ಲೆಯನ್ನು ಒತ್ತಿ ಕೂರಿಸುವುದು ಆ ಕೂದಲೆಳೆಯ ಸ್ಪ್ರಿಂಗು ಅಲ್ಲ, ಮೇಲಿನ ನೀರಿನ ಭಾರ. ಭಾರ ಕಡಿಮೆಯಾದರೆ ಬಿಲ್ಲೆ ತೇಲುತ್ತದೆ. ಇದು ನನ್ನ ಊಹೆ ಅಷ್ಟೆ. ಖಚಿತ ಮಾಡಿಕೊಳ್ಳುವುದು ಹೇಗೆ?

ಸಸಿಮಡಿಗೆ ಹೋಗುವ ಪೈಪನ್ನು ಟೈಮರಿನಿಂದ ಕಿತ್ತೆ. ಮನೆಯ ಹಂಡೆ, ಕೊಡ, ದನದ ಬಾನಿಯಲ್ಲಿದ್ದ ನೀರೆಲ್ಲ ಹೊತ್ತು ತಂದು ಏಣಿ ಹತ್ತಿ ಟಾಕಿಗೆ ಸುರಿದೆ. ಎಷ್ಟು ಸುರಿದರೂ ಗೇಣು ಕೂಡ ಏರಲಿಲ್ಲ. ತೋಳು ಬಿದ್ದುಹೋದವು. ಟಾಕಿಯನ್ನು ಎತ್ತರ ಮಾಡಲು ನನ್ನಿಂದಾಗದು. ಕಟ್ಟೆಯ ಮೇಲೆ ಕುಸಿದು ಕೂತು ಇಳಿಜಾರಿನ ಕಡೆ ನೋಡಿದೆ. ಸಸಿಮಡಿ ಅಲ್ಲಿ ಕೆಳಗೆ, ನನ್ನ ಕಾಲಿನಿಂದ ಎರಡಾಳು ತಗ್ಗಿನಲ್ಲಿ. ಟಾಕಿ ಮೇಲೆ ಹೋಗದಿದ್ದರೆ ಡಬ್ಬಿ ಕೆಳಗೆ ಹೋಗಲಿ. ಪೈಪಿನ ತುದಿಯಲ್ಲಿ ಅದನ್ನು ಕೂರಿಸಿದರೆ ಅಷ್ಟು ಉದ್ದದ ನೀರಿನ ಭಾರವೂ ಅದರ ಮೇಲೆ ಬೀಳುತ್ತದೆ.

ಟೈಮರನ್ನು ನಳದಿಂದ ಬಿಚ್ಚಿ, ಒಲೆ ಹೊತ್ತಿಸಿ ನೀರು ಕಾಯಿಸಿದೆ. ಕರಿ ಪೈಪಿನ ತುದಿಯನ್ನು ಕುದಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ; ಆಗ ನಳದ ಮೂತಿಗೆ ಏರಿಸಿ ಒತ್ತಬೇಕು, ತಣಿದ ಮೇಲೆ ಕಚ್ಚಿಕೊಳ್ಳುತ್ತದೆ. ಗಂಡ ಮಾಡುವುದನ್ನು ನೋಡಿದ್ದೆ. ಬೆರಳು ಸುಟ್ಟವು. ಒಂದು ತುದಿ ಟಾಕಿಯ ನಳಕ್ಕೆ ಕೂತಿತು. ಇನ್ನೊಂದು ತುದಿ ಹಿಡಿದು ಸಸಿಮಡಿಗೆ ಇಳಿಯುತ್ತಿದ್ದಾಗ ಕಾಕಾನ ಸೊಸೆ ಬದುವಿನ ಮೇಲೆ ನಿಂತು ಕೂಗಿದಳು:

“ವೈನೀ, ಫೋನ್ ಬಂದೈತಿ! ಲಗೂನ ಬರ್ರಿ!”

ಓಡಿದೆ. ರಿಸೀವರ್ ಕಿವಿಗೆ ಹಿಡಿದೆ. ಅತ್ತೆಯ ಧ್ವನಿ.

“ಹೊರಗ ತಂದಾರವಾ. ಮಾತಾಡಾಕತ್ತಾನ. ಕಾಲು ಉಳೀತು ಅಂದಾರ ಡಾಕ್ಟರು. ಸ್ವಲ್ಪ ಗಿಡ್ಡ ಆಗಬಹುದು ಅಂತ.”

ನಾನು ಅಲ್ಲೇ ಗೋಡೆಗೆ ಒರಗಿದೆ.

“ಕೇಳಾಕತ್ತೈತೇನ? ಎಚ್ಚರಾಗಿ ಮೊದಲ ಕೇಳಿದ್ದ ಅವ, ನೀರ ನಿಂತೈತೇನ ಅಂತ. ಏನ ಹೇಳಲಿ?”

“ಇನ್ನೂ ನಿಂತಿಲ್ರಿ ಅತ್ಯಾರ. ನಿಲ್ಲಸ್ತೀನಿ ಅಂತ ಹೇಳ್ರಿ.”

ತಿರುಗಿ ಬಂದು, ಅತ್ತು ಮುಗಿಸಿ, ಟೈಮರನ್ನು ಸಸಿಮಡಿಯ ಬಾಗಿಲ ಕಂಬಕ್ಕೆ ಸುತಳಿ ದಾರದಿಂದ ಕಟ್ಟಿ ಪೈಪು ಜೋಡಿಸಿದೆ. ಟಾಕಿಯಲ್ಲಿ ಇದ್ದದ್ದು ಅರ್ಧಕ್ಕೂ ಕಡಿಮೆ ನೀರು. ಪರೀಕ್ಷೆಗೆ ಅದೇ ಬೇಕಾಗಿತ್ತು. ತಿರುಗಣೆಯನ್ನು ಅತಿ ಕಡಿಮೆ ಹೊತ್ತಿಗೆ ತಿರುಗಿಸಿ ಒತ್ತಿದೆ. ನೀರು ಸಸಿಮಡಿಯೊಳಗಿನ ಪೈಪಿನ ತೂತುಗಳಿಂದ ಮೊದಲಿಗಿಂತ ಜೋರಾಗಿ ಚಿಮ್ಮಿತು. ಟಕ್. ಚಿಮ್ಮುವುದು ಕುಗ್ಗಿತು, ಹನಿಯಾಯಿತು. ಹನಿ ನಿಂತಿತೇ ಎಂದು ಕೈಯೊಡ್ಡಿದೆ. ಅಂಗೈ ಒಣಗಿಯೇ ಇತ್ತು. ನಂಬಿಕೆ ಬರದೆ ಇನ್ನೊಮ್ಮೆ, ಮತ್ತೊಮ್ಮೆ ಮಾಡಿದೆ. ಪ್ರತಿ ಸಲವೂ ಮುಚ್ಚಿತು.

ಸಸಿಗೆ ಮಾತಾಡಿದ್ದ ಮಸಗುಪ್ಪಿಯ ಕಾಕು ಟ್ರ್ಯಾಕ್ಟರ್ ತೆಗೆದುಕೊಂಡು ಬಂದಾಗ ನಾನು ಕೊಳೆತ ಟ್ರೇಗಳನ್ನು ಬಚ್ಚಿಡದೆ ಹೊರಗೇ ಇಟ್ಟಿದ್ದೆ. ಹಣೆಯ ತುಂಬ ವಿಭೂತಿ, ಗಟ್ಟಿ ದನಿ, ಎತ್ತರದ ಆಳು ಅವರು. ಕೊಳೆತವನ್ನು ಕಂಡು ಮುಖ ಕೆಂಪಾಯಿತು.

“ಹೊಲಾ ಹದಾ ಮಾಡಿ ಕಾಯಾಕತ್ತೀನಿ ತಂಗಿ. ಈಗ ಹಿಂಗ ಅಂದ್ರ ನಾ ಏನ ಹಚ್ಚಲಿ?”

“ಮ್ಯಾಲಿನ ಸಾಲು ಚಲೋ ಅದಾವ್ರಿ ಕಾಕು. ಬೇರು ನೋಡಿ ಒಯ್ರಿ. ಬ್ಯಾಡ ಅನಿಸಿದರ ಒಂದೂ ಒಯ್ಯಬ್ಯಾಡ್ರಿ.”

ಅವರು ತಮಗೆ ಬೇಕಾದ ಟ್ರೇಯಿಂದ ಸಸಿ ಎಳೆದು ಬೇರು ಬಿಡಿಸಿ ನೋಡಿದರು. ಬಿಳಿ ಬೇರು. ಇನ್ನೊಂದು ಎಳೆದರು. ಆಳುಗಳಿಗೆ ಸನ್ನೆ ಮಾಡಿದರು. ಮೇಲಿನ ಸಾಲುಗಳೆಲ್ಲ ಟ್ರ್ಯಾಕ್ಟರಿಗೆ ಏರಿದವು. ಉಳಿದ ಹೊಲಕ್ಕೆ ಅವರು ಬೇರೆ ಕಡೆಯಿಂದ ಸಸಿ ತರಬೇಕಾಯಿತು. ಹೊರಡುವಾಗ, “ನಿನ್ನ ಯಜಮಾನ ಹ್ಯಾಂಗದಾನ?” ಎಂದು ಕೇಳಿದರು. ಹೇಳಿದೆ. ತಲೆ ಆಡಿಸಿ ಹೋದರು. ಮುಂದಿನ ವರ್ಷ ಮತ್ತೆ ನಮ್ಮಲ್ಲಿಗೇ ಬಂದರು, ಆದರೆ ಸಸಿ ಎದ್ದಾಗಿನಿಂದ ಕಡೆಯವರೆಗೆ ನಡುನಡುವೆ ಬಂದು ನೋಡಿಕೊಂಡು ಹೋಗುತ್ತಿದ್ದರು.

ನನ್ನ ಗಂಡ ಕೋಲು ಹಿಡಿದು ಮನೆಗೆ ಬಂದ ಮೇಲೆ ಹೊಲಕ್ಕೆ ಇಳಿದ ಮೊದಲ ದಿನವೇ ಕಂಬಕ್ಕೆ ಕಟ್ಟಿದ ಟೈಮರನ್ನು ನೋಡಿ ನಿಂತರು.

“ಇದನ್ನ ಇಲ್ಲಿ ಯಾರ ಕಟ್ಟಿದರು?”

“ನಾನರಿ. ಮ್ಯಾಲ ಇದ್ದರ ನೀರಿನ ಭಾರ ಸಾಲೂದಿಲ್ಲ. ಅರ್ಧಾ ಟಾಕಿ ಆದ ಕೂಡಲೇ ಮುಚ್ಚವಲ್ದು.”

“ಭಾರ ಅಲ್ಲ, ಗೀರ ಅಲ್ಲ. ಉಸುಕು ಸಿಕ್ಕಿತ್ತು, ನೀ ತೊಳದಿ, ಸರಿ ಆತು. ಇಲ್ಲಿ ದನ ತುಳೀತಾವ. ಮ್ಯಾಲೆ ಕೂಡಸ್ತೀನಿ.”

ಸ್ಕ್ರೂಡ್ರೈವರ್ ಕೈಗೆ ಕೊಟ್ಟೆ. ಕೋಲು ಟಾಕಿಗೆ ಒರಗಿಸಿ, ನೋವಿಗೆ ಹಲ್ಲು ಕಚ್ಚಿ, ಮೊದಲಿದ್ದಲ್ಲೇ ಅದನ್ನು ಕೂರಿಸಿದರು. ಮಧ್ಯಾಹ್ನ ಅತ್ತೆ ಕಟ್ಟೆಯ ಮೇಲೆ, ನಾನು ಬಾಗಿಲಲ್ಲಿ, ಅವರು ಟಾಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಾದೆವು. ತೆರೆಯಿತು. ಹೊತ್ತು ಮುಗಿಯಿತು. ಟಕ್ ಎಂದಿತು. ನೀರು ಹೋಗುತ್ತಲೇ ಇತ್ತು. ಅವರು ತಿರುಗಣೆ ತಿರುವಿದರು, ಡಬ್ಬಿಯನ್ನು ತಟ್ಟಿದರು, ಸೆಲ್ಲು ತೆಗೆದು ಹಾಕಿದರು. ಹೋಗುತ್ತಲೇ ಇತ್ತು. ಕೆಳಗಿನ ಹೊಸ ಬದನೆ ಸಸಿಗಳು ಮುಳುಗುವ ಮೊದಲೇ ನಾನು ಹೋಗಿ ನಳ ಮುಚ್ಚಿದೆ. ಅವರು ನನ್ನನ್ನು ನೋಡಲಿಲ್ಲ. ಕೋಲು ಕೈಗೆ ತೆಗೆದುಕೊಂಡು, “ನೀರ ಕಾಯಿಸ. ಪೈಪ ಮೆತ್ತಗ ಮಾಡಬೇಕು,” ಎಂದರು.

ಅಂದಿನಿಂದ ಆ ಡಬ್ಬಿಯ ಕೆಲಸ ಯಾರೂ ಹೇಳದೆ ನನ್ನದಾಯಿತು. ಹುಣ್ಣಿಮೆ, ಅಮಾಸೆಗೆ ಜಾಳಿಗೆ ತೊಳೆಯುವುದು, ಹಬ್ಬ ಬಂದರೆ ಸೆಲ್ಲು ಬದಲಿಸುವುದು, ದನ ತುಳಿಯದ ಹಾಗೆ ಸುತ್ತ ಕಲ್ಲು ನೆಡುವುದು. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅದನ್ನು ಬಿಚ್ಚಿ, ನೀರು ಬಸಿದು, ಸೆಲ್ಲು ತೆಗೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಗಂಡ ಪಡಸಾಲೆಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಸೆಲ್ಲು ತಗದಿ ಏನ?”

“ತಗದೀನ್ರಿ.”

“ಹೂಂ,” ಎಂದು ಅವರು ಮತ್ತೆ ಎಣ್ಣೆ ತಿಕ್ಕತೊಡಗಿದರು. ಹೊರಗೆ ಮತ್ತೆ ಮಳೆ ಹಿಡಿದಿತ್ತು. ಅತ್ತೆ, ಸೂರಿನಿಂದ ಸುರಿಯುವ ನೀರಿಗೆ ಬಟ್ಟೆ ಕಟ್ಟಿದ ಕೊಡ ಹಿಡಿಯಲು ನನ್ನನ್ನು ಕೂಗುತ್ತಿದ್ದರು.